ಚೊಚ್ಚಲ ಬಸಿರಿನ ದಿನಗಳು: ಓದುಗರ ಪ್ರಶ್ನೆಗೆ ವೈದ್ಯೆಯ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಮೊದಲ ಬಾರಿ ಬಸುರಿಯಾದವರದು. ಕಾಯಿಲೆಯ ಬಗ್ಗೆ ಕೇಳಿದವರು ಕಡಿಮೆ. ಇದನ್ನು ತಿನ್ನಬಹುದೇ, ಅಲ್ಲಿಗೆ ಹೋಗಬಹುದೇ, ಇಷ್ಟೊಂದು ಸಂತೋಷಪಟ್ಟರೆ ದೃಷ್ಟಿಯಾದೀತೇ ಎಂದು ಒಪ್ಪಿಗೆ ಬೇಡುವ ಧಾಟಿಯ ಪತ್ರಗಳೇ ಜಾಸ್ತಿ. ಒಪ್ಪಿಗೆ ಕೊಡುವ ಅಧಿಕಾರ ನನಗಿಲ್ಲ. ಎಲ್ಲಿ ಎಚ್ಚರ ಬೇಕು, ಎಲ್ಲಿ ನಿಶ್ಚಿಂತೆಯಿಂದ ಇರಬಹುದು ಎಂಬುದನ್ನಷ್ಟೇ ಹೇಳಬಲ್ಲೆ.

ಪ್ರಶ್ನೆ: ನನಗೀಗ 19ನೇ ವಾರ. ನನ್ನ ಓರಗಿತ್ತಿಗೆ ಎರಡನೆಯ ಬಸಿರಿನಲ್ಲಿ 16ನೇ ವಾರಕ್ಕೇ ಮಗು ಮಿಸುಕಾಡಿದ್ದು ತಿಳಿದಿತ್ತಂತೆ. ನನಗೆ ಇನ್ನೂ ಏನೂ ಗೊತ್ತಾಗುತ್ತಿಲ್ಲ. ಬಂದವರೆಲ್ಲ "ಖುಷಿಯಾಗಿದ್ದೀಯಾ" ಎಂದು ಕೇಳುತ್ತಾರೆ. ಹೌದೆನ್ನುತ್ತೇನೆ, ಆದರೆ ಹೆಚ್ಚಿನ ದಿನಗಳಲ್ಲಿ ನನಗಿರುವುದು ಬರೀ ಆಯಾಸ. ನನ್ನಲ್ಲೇ ಏನಾದರೂ ಕೊರತೆಯಿದೆಯೇ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಓರಗಿತ್ತಿಗೆ ಬೇಗ ತಿಳಿದದ್ದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ: ಅದು ಅವರ ಎರಡನೆಯ ಬಸಿರು. ಒಮ್ಮೆ ಅನುಭವಿಸಿದವರು ಆ ಚಲನೆಯನ್ನು ತಟ್ಟನೆ ಗುರುತಿಸುತ್ತಾರೆ. ಚೊಚ್ಚಲ ಬಸುರಿಯರಿಗೆ ಅದು ಸಾಮಾನ್ಯವಾಗಿ 18ರಿಂದ 20ನೇ ವಾರದ ಹೊತ್ತಿಗೆ ತಿಳಿಯುತ್ತದೆ, ಕೆಲವರಿಗೆ ಇನ್ನೂ ತಡವಾಗಿ. ಮಾಸು (ಪ್ಲಾಸೆಂಟಾ) ಗರ್ಭಕೋಶದ ಮುಂಭಾಗಕ್ಕೆ ಅಂಟಿಕೊಂಡಿದ್ದರೆ ಮಗುವಿನ ಒದೆತ ಹೊಟ್ಟೆಯ ಗೋಡೆಗೆ ನೇರವಾಗಿ ತಾಗುವುದಿಲ್ಲ, ಆದ್ದರಿಂದಲೂ ತಡವಾಗಬಹುದು. ನಿಮ್ಮ ಸ್ಕ್ಯಾನಿಂಗ್ ವರದಿಯಲ್ಲಿ ಮಾಸಿನ ಜಾಗವನ್ನು ಬರೆದಿರುತ್ತಾರೆ, ನೋಡಿಕೊಳ್ಳಿ. ಮಗು ನಿಮಗೆ ತಿಳಿಯುವುದಕ್ಕಿಂತ ಎಷ್ಟೋ ವಾರಗಳ ಮೊದಲೇ ಅಲುಗಾಡತೊಡಗಿರುತ್ತದೆ, ಆದರೆ ಅದು ನಿಮಗೆ ತಟ್ಟುವಷ್ಟು ದೊಡ್ಡದಾಗಿರುವುದಿಲ್ಲ.

ಮೊದಲ ಮಿಸುಕಾಟವನ್ನು ಬಹಳ ಮಂದಿ ಹೊಟ್ಟೆಯ ವಾಯು ಎಂದೇ ತಿಳಿದುಕೊಳ್ಳುತ್ತಾರೆ. ಕೊಡದ ನೀರಿನಲ್ಲಿ ಸಣ್ಣ ಮೀನೊಂದು ಹೊರಳಿದ ಹಾಗೆ ಎಂದು ನನ್ನಲ್ಲಿಗೆ ಬರುವ ಒಬ್ಬ ಹೆಂಗಸು ಹೇಳಿದ್ದರು; ಅದಕ್ಕಿಂತ ಚೆನ್ನಾದ ವಿವರಣೆ ನನಗೆ ಪಠ್ಯಪುಸ್ತಕಗಳಲ್ಲಿ ಸಿಕ್ಕಿಲ್ಲ. ರಾತ್ರಿ ಊಟವಾದ ಮೇಲೆ, ಮನೆಯ ಗದ್ದಲ ಅಡಗಿದಾಗ, ಮಗ್ಗುಲಾಗಿ ಮಲಗಿ ಗಮನವಿಟ್ಟರೆ ತಿಳಿಯುವ ಸಾಧ್ಯತೆ ಹೆಚ್ಚು. 24 ವಾರ ತುಂಬಿದರೂ ಏನೂ ತಿಳಿಯದಿದ್ದರೆ ವೈದ್ಯರಿಗೆ ತೋರಿಸಿ. 28 ವಾರ ಕಳೆದ ಮೇಲೆ ಪ್ರತಿ ಮಗುವಿಗೂ ತನ್ನದೇ ಆದ ಆಟದ ಹೊತ್ತು ಎಂಬುದಿರುತ್ತದೆ, ಅದು ನಿಮಗೇ ಪರಿಚಯವಾಗುತ್ತದೆ. ಆ ಬಳಿಕ ಎಂದಾದರೂ ಅಲುಗಾಟ ಕಡಿಮೆಯಾಯಿತೆನಿಸಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ದಿನ ತುಂಬುತ್ತ ಬಂದಂತೆ ಮಗು ಸುಮ್ಮನಾಗುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ.

ಇನ್ನು ಖುಷಿಯ ಮಾತು. ಮೊದಲ ಮೂರು ತಿಂಗಳ ವಾಕರಿಕೆ, ನಿದ್ದೆಗೆಟ್ಟ ರಾತ್ರಿ, ದೇಹದಲ್ಲಿ ಏರುವ ಹಾರ್ಮೋನುಗಳು, ಇವೆಲ್ಲದರ ನಡುವೆ ಸದಾ ನಗುತ್ತಿರಬೇಕೆಂದು ಬಯಸುವುದು ಬಸುರಿಯ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ. ಕೇಳಿದವರಿಗೆ "ಇವತ್ತು ಸುಸ್ತಾಗಿದೆ" ಎಂದು ಹೇಳಿಬಿಡಿ. ಅದರಿಂದ ಮಗುವಿಗೆ ಯಾವ ಕೇಡೂ ಇಲ್ಲ. ಆದರೆ ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿಯಿಲ್ಲದಂತಾದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಅದನ್ನು ಬರೀ ಸುಸ್ತು ಎಂದು ತಳ್ಳಿಹಾಕಬಾರದು. ಬಸಿರಿನಲ್ಲೂ ಖಿನ್ನತೆ ಬರುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಅದು ಉಚಿತ.

ಪ್ರಶ್ನೆ: ನನಗೆ ಆರನೇ ತಿಂಗಳು. ಎರಡು ಬಯಕೆಗಳು ಬಿಡದೆ ಕಾಡುತ್ತಿವೆ: ಒಂದು ಮಿಡಿ ಉಪ್ಪಿನಕಾಯಿ, ಇನ್ನೊಂದು ಹೇಳಲು ನಾಚಿಕೆಯಾಗುತ್ತದೆ, ಸ್ಲೇಟಿನ ಬಳಪ. ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ನಿಜವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಕಿವಿ ಸೋರುವುದು ಸೋಂಕಿನಿಂದ, ತಾಯಿಯ ತೀರದ ಆಸೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಈ ನಂಬಿಕೆಯ ಮೇಲೆ ನನಗೆ ಕೋಪವಿಲ್ಲ. ಅಡುಗೆಮನೆಯಲ್ಲಿ ತನಗಿಂಥದು ಬೇಕೆಂದು ಬಾಯಿಬಿಡಲು ಸ್ವಾತಂತ್ರ್ಯವಿಲ್ಲದಿದ್ದ ಕಾಲದ ಎಳೆಯ ಸೊಸೆಗೆ, ಕೆಲವು ತಿಂಗಳ ಮಟ್ಟಿಗಾದರೂ ಕೇಳಿದ್ದನ್ನು ಕೊಡಲೇಬೇಕಾದ ಕಟ್ಟನ್ನು ಇಂಥ ಮಾತುಗಳು ಹಾಕಿದ್ದವು. ನಿಮ್ಮ ಅತ್ತೆಯವರು ಅದನ್ನು ನೆನಪಿಸುತ್ತಿದ್ದಾರೆಂದರೆ ನಿಮ್ಮ ಪರವಾಗಿಯೇ ಇದ್ದಾರೆ.

ಮಿಡಿ ಉಪ್ಪಿನಕಾಯಿ ಧಾರಾಳವಾಗಿ ತಿನ್ನಿ. ಹಾಗೆಂದು ಭರಣಿಯನ್ನೇ ಎದುರಿಟ್ಟುಕೊಂಡು ಕೂರುವುದು ಬೇಡ. ಎದೆಯುರಿ ಇರುವವರೂ ರಕ್ತದೊತ್ತಡ ಏರಿರುವವರೂ ಉಪ್ಪು, ಖಾರಗಳಲ್ಲಿ ಹಿಡಿತವಿಡಬೇಕಾಗುತ್ತದೆ. ಮೊಸರನ್ನಕ್ಕೆ ಒಂದು ಮಿಡಿ ಕಚ್ಚಿಕೊಂಡು ಉಣ್ಣುವ ಸುಖವನ್ನು ತಪ್ಪಿಸುವ ಯಾವ ಶಾಸ್ತ್ರವೂ ವೈದ್ಯಕೀಯದಲ್ಲಿಲ್ಲ.

ಬಳಪದ ವಿಷಯ ಬೇರೆ. ನಾಚಿಕೆಪಡಬೇಕಾದದ್ದೇನೂ ಇಲ್ಲ, ಬಳಪ, ಮಣ್ಣು, ಬೂದಿ, ಹಸಿ ಅಕ್ಕಿಗಾಗಿ ಹಂಬಲಿಸುವ ಬಸುರಿಯರನ್ನು ನಾವು ಆಗಾಗ ಕಾಣುತ್ತೇವೆ. ಈ ಹಂಬಲದ ಹಿಂದೆ ಅನೇಕ ವೇಳೆ ಕಬ್ಬಿಣಾಂಶದ ಕೊರತೆ ಇರುತ್ತದೆ. ಆದ್ದರಿಂದ ಈ ವಾರವೇ ರಕ್ತಪರೀಕ್ಷೆ ಮಾಡಿಸಿ. ಬಸುರಿಯಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಅದನ್ನು ನುಂಗಬೇಕು. ರಕ್ತಹೀನತೆ ಇದ್ದರೆ ಎಷ್ಟು ಹೆಚ್ಚಿಸಬೇಕೆಂಬುದನ್ನು ವೈದ್ಯರು ಹೇಳುತ್ತಾರೆ. ಕಾಫಿ, ಚಹಾ, ಹಾಲು ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ ಅದನ್ನು ತೆಗೆದುಕೊಂಡರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ನಿಂಬೆ ಶರಬತ್ತಿನ ಜೊತೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಕೊರತೆ ನೀಗುತ್ತ ಬಂದಂತೆ ಬಳಪದ ಹಂಬಲ ಬಹುತೇಕ ತಾನಾಗಿಯೇ ಕರಗುತ್ತದೆ.

ಅಂಗನವಾಡಿ ಹತ್ತಿರವಿದ್ದರೆ ಮಾತೃಪೂರ್ಣದ ಬಿಸಿಯೂಟಕ್ಕೆ ಹೆಸರು ಬರೆಸಿ. 2017ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಅನ್ನ, ಸಾಂಬಾರು, ಹಾಲು, ಮೊಟ್ಟೆ ಅಥವಾ ಮೊಳಕೆಕಾಳು, ಶೇಂಗಾ ಚಿಕ್ಕಿ ಇರುತ್ತವೆ. ಊಟದಷ್ಟೇ ಮುಖ್ಯವಾದ ಇನ್ನೊಂದು ಲಾಭ, ನಿಮ್ಮ ಹಾಗೆಯೇ ಹೊಟ್ಟೆ ಹೊತ್ತ ಇನ್ನಿಬ್ಬರು ಮೂವರು ಅಲ್ಲಿ ಮಾತಿಗೆ ಸಿಗುವುದು.

ಪ್ರಶ್ನೆ: ನಾನು ಗಂಡಸು, ಪತ್ರ ಬರೆಯಬಹುದೋ ಇಲ್ಲವೋ ತಿಳಿಯದು. ನನ್ನ ಹೆಂಡತಿಗೆ ಏಳನೇ ತಿಂಗಳು. ದಿನವೂ ಸಂಜೆ ಅವಳ ಹೊಟ್ಟೆಯ ಬಳಿ ಕುಳಿತು ಮಗುವಿನೊಡನೆ ಮಾತನಾಡುತ್ತೇನೆ. ಮನೆಯವರು ನಗುತ್ತಾರೆ. ಮಗುವಿಗೆ ನಿಜವಾಗಿ ಕೇಳಿಸುತ್ತದೆಯೇ? ಗರ್ಭ ಸಂಸ್ಕಾರದ ತರಗತಿಗೆ ಸೇರಿಸಬೇಕೇ?
– ಓದುಗರು, ಮಂಡ್ಯ

ಉತ್ತರ: ಖಂಡಿತವಾಗಿ ಬರೆಯಬಹುದು, ಇನ್ನಷ್ಟು ಗಂಡಸರು ಬರೆಯಲಿ. ಏಳನೇ ತಿಂಗಳ ಹೊತ್ತಿಗೆ ಮಗುವಿಗೆ ಕೇಳಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅದರ ಕಿವಿಗೆ ಬೀಳುವುದು ತಾಯಿಯ ದನಿ, ಏಕೆಂದರೆ ಅದು ಹೊರಗಿನಿಂದಲೂ ಅವಳ ಮೈಯೊಳಗಿನಿಂದಲೂ ತಲುಪುತ್ತದೆ. 1980ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ವಿಜ್ಞಾನಿಗಳು ಹುಟ್ಟಿ ಮೂರು ದಿನವೂ ತುಂಬದ ಕೂಸುಗಳ ಬಾಯಿಗೆ ಚೀಪುವ ರಬ್ಬರಿನ ತೊಟ್ಟನ್ನಿಟ್ಟು, ಚೀಪುವ ಲಯಕ್ಕೆ ತಕ್ಕಂತೆ ತಾಯಿಯ ದನಿಯೋ ಬೇರೊಬ್ಬ ಹೆಂಗಸಿನ ದನಿಯೋ ಕೇಳಿಸುವಂತೆ ಮಾಡಿದರು. ಕೂಸುಗಳು ತಾಯಿಯ ದನಿಯೇ ಬರುವಂತೆ ಚೀಪಿದವು. ಪ್ರಾಮಾಣಿಕವಾಗಿ ಹೇಳಬೇಕಾದ ಮುಂದಿನ ಸಂಗತಿ ನಿಮಗೆ ಸ್ವಲ್ಪ ನಿರಾಸೆ ತರಬಹುದು: ತಂದೆಯ ದನಿಯನ್ನಿಟ್ಟು ಇಂಥದೇ ಪ್ರಯೋಗ ಮಾಡಿದಾಗ ಕೂಸುಗಳು ಅದನ್ನು ಬೇರೆ ಗಂಡಸಿನ ದನಿಗಿಂತ ಹೆಚ್ಚಾಗಿ ಬಯಸಲಿಲ್ಲ. ಆದರೂ ಸಂಜೆಯ ಮಾತು ನಿಲ್ಲಿಸಬೇಡಿ. ಮಗುವಿಗಿಂತ ಮೊದಲು ನಿಮ್ಮ ಹೆಂಡತಿ ಅದನ್ನು ಕೇಳಿಸಿಕೊಳ್ಳುತ್ತಾರೆ. ಆ ಅರ್ಧ ಗಂಟೆ ಅವರಿಗೆ ಹಿತವಾಗಿದ್ದರೆ ನಗುವವರು ನಗಲಿ.

ಹೆಡ್‌ಫೋನನ್ನು ಹೊಟ್ಟೆಗೆ ಒತ್ತಿ ಹಾಡು ಹಾಕುವುದು ಬೇಡ. ತರಗತಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿದೆ: ಹಾಡು, ಉಸಿರಾಟ, ಹಗುರವಾದ ವ್ಯಾಯಾಮ ಕಲಿಸಿದರೆ ಒಳ್ಳೆಯದು, ಬುದ್ಧಿವಂತ ಮಗುವನ್ನು ಹುಟ್ಟಿಸಿಕೊಡುತ್ತೇವೆಂದು ಹಣ ಕೇಳಿದರೆ ಎದ್ದು ಬನ್ನಿ. ಅಭಿಮನ್ಯುವಿಗೆ ಚಕ್ರವ್ಯೂಹದ ಪಾಠ ಪುಕ್ಕಟೆಯಾಗಿಯೇ ಸಿಕ್ಕಿತ್ತು, ಅದೂ ಅರ್ಧ. ಅದರ ಬದಲು ಒಗ್ಗರಣೆಯ ವಾಸನೆಗೆ ಅವರಿಗೆ ಹೊಟ್ಟೆ ತೊಳಸುತ್ತಿದ್ದರೆ ಒಲೆಯ ಮುಂದೆ ನೀವು ನಿಲ್ಲಿ, ತಪಾಸಣೆಗೆ ಒಟ್ಟಿಗೆ ಹೋಗಿ, ರಾತ್ರಿ ಮೀನಖಂಡ ಹಿಡಿದುಕೊಂಡಾಗ ಕಾಲು ನೀವಿಕೊಡಿ.

ಪ್ರಶ್ನೆ: ಐದನೇ ತಿಂಗಳಲ್ಲಿ ಕಳ್ಳ ಕುಬಸ ಆಯಿತು, ಈಗ ಏಳನೆಯದಕ್ಕೆ ದೊಡ್ಡ ಕುಬಸವನ್ನು ಛತ್ರದಲ್ಲಿ ಮಾಡುತ್ತಾರಂತೆ. ನನಗೆ ಹಸಿರು ಬಳೆ, ಉಡಿ ತುಂಬುವುದು, ಹಾಡು ಎಲ್ಲವೂ ಇಷ್ಟ. ವೇದಿಕೆಯ ಮೇಲೆ ಗಂಟೆಗಟ್ಟಲೆ ಕೂರುವುದು ಮಾತ್ರ ಭಯ.
– ಓದುಗರು, ವಿಜಯಪುರ

ಉತ್ತರ: ಇಷ್ಟವಿರುವುದನ್ನು ಉಳಿಸಿಕೊಂಡು ಭಯವಿರುವುದನ್ನು ಕತ್ತರಿಸಿ. ಬೆನ್ನಿಗೆ ಒರಗುವ ಕುರ್ಚಿ ಕೇಳಿ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಆಗಾಗ ನೀರು ಕುಡಿಯಿರಿ. ಮೂತ್ರ ಬಂದರೆ ತಡೆಯಬೇಡಿ, ಛಾಯಾಗ್ರಾಹಕರು ಕಾಯುತ್ತಾರೆ. ಭಾರೀ ಜರಿಯ ಸೀರೆಯ ಬದಲು ಹಗುರವಾದ ಇಳಕಲ್ ಸೀರೆ ಉಡುವೆನೆಂದು ತಾಯಿಗೆ ಈಗಲೇ ಹೇಳಿಡಿ. ಬೆರಳುಗಳು ಊದಿಕೊಳ್ಳುವ ಮೊದಲೇ ಬಿಗಿಯಾದ ಉಂಗುರಗಳನ್ನು ತೆಗೆದಿಡುವುದೂ ಒಳ್ಳೆಯದು. ಸಂಜೆಗೆ ಕಾಲು ಸ್ವಲ್ಪ ಬಾತರೆ ಅದು ಸಹಜ. ಮುಖ, ಕೈ ಬಾತು ತಲೆನೋವು ಬಂದರೆ, ಕಣ್ಣು ಮಂಜಾದರೆ ಮಾತ್ರ ಸಮಾರಂಭವನ್ನು ಅಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಹೊಟ್ಟೆಯ ಆಕಾರ ನೋಡಿ ಗಂಡೋ ಹೆಣ್ಣೋ ಹೇಳಬಹುದೇ? ಕೇಸರಿ ಹಾಲಿನಿಂದ ಮಗು ಬೆಳ್ಳಗಾಗುತ್ತದೆಯೇ?
– ಓದುಗರು, ತುಮಕೂರು

ಉತ್ತರ: ಎರಡೂ ಇಲ್ಲ. ಹಾಲು ರುಚಿಗಾಗಿ ಕುಡಿಯಿರಿ. ಸ್ಕ್ಯಾನಿಂಗ್‌ನಲ್ಲಿ ಲಿಂಗ ಕೇಳುವುದೂ ಹೇಳುವುದೂ 1994ರ ಕಾಯ್ದೆಯಂತೆ ಅಪರಾಧ.

ಪ್ರಶ್ನೆ: ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿದ್ದೇವೆ. ಇಲ್ಲಿ ಪ್ರತಿ ಬಾರಿಯೂ ಸೂಲಗಿತ್ತಿಯೇ ನೋಡುತ್ತಾಳೆ, ಪ್ರಸೂತಿ ತಜ್ಞರನ್ನು ಇನ್ನೂ ಕಂಡಿಲ್ಲ. ಅಮ್ಮನಿಗೆ ಇದು ಭಯ. ನನಗೆ ಸೀಮಂತವಿಲ್ಲದ ಬೇಸರ, ಇಲ್ಲಿನವರನ್ನು ಕರೆಯಲು ಸಂಕೋಚ.
– ಓದುಗರು

ಉತ್ತರ: ಅಲ್ಲಿನ ಸೂಲಗಿತ್ತಿಯರು ಪದವಿ ಓದಿ ನೋಂದಣಿಯಾದವರು. ತೊಡಕಿಲ್ಲದ ಬಸಿರನ್ನು ಅವರೇ ನೋಡಿಕೊಳ್ಳುವುದು ಅಲ್ಲಿನ ಪದ್ಧತಿ, ತೊಡಕು ಕಂಡರೆ ತಜ್ಞರ ಬಳಿ ಕಳಿಸುತ್ತಾರೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದನ್ನು ಅಮ್ಮನಿಗೆ ನೆನಪಿಸಿ, ಅರ್ಧ ಭಯ ಇಳಿದೀತು. ಬಿಸಿಲು ಕಡಿಮೆಯಿರುವ ನಾಡಾದ್ದರಿಂದ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಬೇಕೆಂದು ಅಲ್ಲಿನ ಆರೋಗ್ಯ ಸೇವೆಯೇ ಹೇಳುತ್ತದೆ, ಮರೆಯಬೇಡಿ.

ಸೀಮಂತಕ್ಕೆ ಪುರೋಹಿತರೂ ಛತ್ರವೂ ಬೇಕೆಂದಿಲ್ಲ. ಊರಿಂದ ಬರುವವರ ಕೈಯಲ್ಲಿ ಒಂದು ಡಜನ್ ಹಸಿರು ಗಾಜಿನ ಬಳೆ ತರಿಸಿಕೊಳ್ಳಿ, ಪರಿಚಯದ ನಾಲ್ಕು ಕನ್ನಡದ ಮನೆಗಳವರಿಗೆ ತಲಾ ಒಂದು ಅಡುಗೆ ಮಾಡಿ ತರಲು ಹೇಳಿ, ಅಮ್ಮ ವಿಡಿಯೊ ಕರೆಯಲ್ಲಿ ಆರತಿಯ ಹಾಡು ಹೇಳಲಿ. ಕರೆಯಲು ಸಂಕೋಚವೆಂದು ಬರೆದಿದ್ದೀರಿ. ಬಸುರಿಯೊಬ್ಬಳು ಊಟದ ಆಸೆಯಿಂದ ಕರೆದರೆ ಬೇಡವೆನ್ನುವ ಕನ್ನಡಿಗರನ್ನು ನಾನಂತೂ ನೋಡಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ, ತವರು ಹಾವೇರಿ. ಹೆರಿಗೆಗೆ ಒಂದು ತಿಂಗಳ ಮೊದಲೇ ಹೋಗಿ ಅಮ್ಮನ ಜೊತೆ ಸುಮ್ಮನೆ ಇರಬೇಕೆಂಬ ಆಸೆ. ಆದರೆ ರಜೆಯನ್ನು ಮಗು ಹುಟ್ಟಿದ ಮೇಲೆ ಬಳಸುವುದೇ ಜಾಣತನ ಎಂದು ಸಹೋದ್ಯೋಗಿಗಳು ಹೇಳುತ್ತಾರೆ.
– ಓದುಗರು, ಬೆಂಗಳೂರು

ಉತ್ತರ: 2017ರ ತಿದ್ದುಪಡಿಯ ನಂತರ ಹೆರಿಗೆಗೆ 26 ವಾರಗಳ ಸಂಬಳಸಹಿತ ರಜೆಯಿದೆ; ಹೆರಿಗೆಯ ನಿರೀಕ್ಷಿತ ದಿನಕ್ಕೆ ಮುಂಚೆ ಅದರಲ್ಲಿ 8 ವಾರಗಳವರೆಗೆ ಬಳಸಬಹುದು. ಸಹೋದ್ಯೋಗಿಗಳ ಲೆಕ್ಕ ತಪ್ಪಲ್ಲ, ನಾಲ್ಕು ವಾರ ಮೊದಲೇ ಹೊರಟರೆ ಬಾಣಂತನಕ್ಕೆ ಉಳಿಯುವುದು 22 ವಾರ. ಆದರೂ ನಾನು ನಿಮ್ಮ ಆಸೆಯ ಪಕ್ಷ. ಕೊನೆಯ ತಿಂಗಳಲ್ಲಿ ಕೆಲಸ ಬಿಡಲಾಗದೆ ಬಸ್ಸು, ಮೆಟ್ರೊಗಳಲ್ಲಿ ನಿಂತು ಓಡಾಡಿದವರು ಹೆರಿಗೆಗೆ ಬರುವಾಗಲೇ ದಣಿದಿರುವುದನ್ನು ಬಹಳ ಕಂಡಿದ್ದೇನೆ. ಕೆಲಸಕ್ಕೆ ಮರಳಿದ ಮೇಲೂ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವಿಗೆ ನೀವು ಹಕ್ಕುದಾರರು, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯವನ್ನೂ ಕೊಡಬೇಕು. ರಜೆಯ ಅರ್ಜಿ ಕೊಡುವಾಗಲೇ ಇವೆರಡನ್ನೂ ಬರಹದಲ್ಲಿ ಕೇಳಿಡಿ.

ಪ್ರಯಾಣವನ್ನು 36 ವಾರ ತುಂಬುವುದರೊಳಗೆ ಮುಗಿಸಿ. ರೈಲಾದರೆ ನಡುನಡುವೆ ಎದ್ದು ಓಡಾಡಬಹುದು, ಕಾರಾದರೆ ಸೀಟ್ ಬೆಲ್ಟನ್ನು ಹೊಟ್ಟೆಯ ಕೆಳಗೆ ತೊಡೆಗೆ ತಾಗುವಂತೆ ಹಾಕಿಕೊಳ್ಳಿ. ಹಾವೇರಿ ತಲುಪಿದ ವಾರದಲ್ಲೇ ಹೆರಿಗೆ ಮಾಡಿಸುವ ಆಸ್ಪತ್ರೆಗೆ ಒಮ್ಮೆ ಹೋಗಿ ತೋರಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಾದರೆ ಪ್ರತಿ ತಿಂಗಳ 9ರಂದು ಬಸುರಿಯರಿಗಾಗಿಯೇ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್, ರಕ್ತದ ಗುಂಪಿನ ವರದಿ, ಸ್ಕ್ಯಾನಿಂಗ್ ವರದಿಗಳು ನಿಮ್ಮ ಕೈಚೀಲದಲ್ಲಿರಲಿ, ಅವುಗಳ ಒಂದೊಂದು ಪ್ರತಿ ಬೆಂಗಳೂರಿನಲ್ಲಿ ಉಳಿಯುವ ಪತಿಯ ಬಳಿಯೂ ಇರಲಿ.