ಅಂಕಪಟ್ಟಿಯಲ್ಲಿ ಕಾಣದ ಆಟ

ಪ್ರಶ್ನೆ: ಪಂದ್ಯವೊಂದಕ್ಕೆ ಎಂಟೊಂಬತ್ತು ಅಂಕವಷ್ಟೇ ಗಳಿಸುವ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ತಂಡಗಳು ವರ್ಷಗಟ್ಟಲೆ ಏಕೆ ಉಳಿಸಿಕೊಳ್ಳುತ್ತವೆ?

ಉತ್ತರ: ಇದಕ್ಕೆ ಶೇನ್ ಬ್ಯಾಟಿಯರ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. 2001ರಿಂದ 2014ರವರೆಗೆ ಗ್ರಿಜ್ಲೀಸ್, ರಾಕೆಟ್ಸ್ ಮತ್ತು ಮೈಯಾಮಿ ಹೀಟ್ ತಂಡಗಳಲ್ಲಿ ಆಡಿದ ಅವರ ಸರಾಸರಿ 8.6 ಅಂಕ, ಲೀಗಿನ ಶ್ರೇಷ್ಠ ಆಟಗಾರರಷ್ಟೇ ಆಡುವ ಆಲ್‌ಸ್ಟಾರ್ ಪಂದ್ಯಕ್ಕೆ ಅವರು ಒಮ್ಮೆಯೂ ಆಯ್ಕೆಯಾಗಲಿಲ್ಲ. ಅವರ ನಿಜವಾದ ಕೆಲಸವಿದ್ದದ್ದು ಎದುರಾಳಿಯ ಶ್ರೇಷ್ಠ ಆಟಗಾರನನ್ನು ಕಾಯುವುದರಲ್ಲಿ. ಲೇಕರ್ಸ್ ತಂಡದ ತಾರೆ ಕೋಬಿ ಬ್ರಯಂಟ್ ಚೆಂಡೆಸೆಯಲು ಮೇಲಕ್ಕೆ ಜಿಗಿದಾಗ ಬ್ಯಾಟಿಯರ್ ಚೆಂಡನ್ನು ತಡೆಯಲು ಹೋಗಿ ಫೌಲ್ ಮಾಡಿಕೊಳ್ಳದೆ, ಬುಟ್ಟಿಯೇ ಕಾಣದಂತೆ ಅಂಗೈಯನ್ನು ಅವರ ಕಣ್ಣೆದುರು ಚಾಚುತ್ತಿದ್ದರು. ಯಾವ ಜಾಗದಿಂದ ಎಸೆದರೆ ಎದುರಾಳಿಗೆ ಲಾಭ ಕಡಿಮೆ ಎಂಬುದನ್ನು ಅಂಕಿಅಂಶಗಳಿಂದ ಮೊದಲೇ ಅರಿತು, ಆತನನ್ನು ಅಲ್ಲಿಗೇ ತಳ್ಳುವ ಈ ತಾಳ್ಮೆಯ ಆಟಕ್ಕೆ ಅಂಕಪಟ್ಟಿಯಲ್ಲಿ ಪ್ರತ್ಯೇಕ ಕಲಮೇ ಇಲ್ಲ, ಮತ್ತು ಅದು ನನಗೆ ಅನ್ಯಾಯವೆಂದೇ ತೋರುತ್ತದೆ.

2013ರ ಫೈನಲ್ಸ್ ಸರಣಿಯಲ್ಲಿ ಅವರಿಗೆ ಆಡುವ ಅವಕಾಶವೇ ಕಡಿಮೆಯಾಗಿತ್ತು. ಆದರೂ ಸ್ಯಾನ್ ಆಂಟೋನಿಯೊ ತಂಡದ ವಿರುದ್ಧದ ನಿರ್ಣಾಯಕ ಏಳನೆಯ ಪಂದ್ಯದಲ್ಲಿ ಬೆಂಚಿನಿಂದ ಎದ್ದುಬಂದ ಅವರು ಎಂಟು ಪ್ರಯತ್ನಗಳಲ್ಲಿ ಆರು ಬಾರಿ ಮೂರಂಕದ ಎಸೆತ ಸಾಧಿಸಿ 18 ಅಂಕ ಗಳಿಸಿದರು. ಮೈಯಾಮಿ 95–88ರಿಂದ ಪ್ರಶಸ್ತಿ ಗೆದ್ದಿತು.