ಟೈಪ್ ತಪ್ಪಿದಾಗ ಕಂಪೈಲರ್ ಅರ್ಥವಾಗುವ ಹಾಗೆ ಹೇಳುವಂತೆ ಮಾಡೋದು ಹೇಗೆ?

ನಿಮ್ಮ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರ್ (ಬರೆದ ಕೋಡನ್ನು ಪರೀಕ್ಷಿಸಿ ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವ ಪ್ರೋಗ್ರಾಂ) ಎಲ್ಲದಕ್ಕೂ ‘ಟೈಪ್ ಹೊಂದುತ್ತಿಲ್ಲ, ಸಾಲು ಇಷ್ಟು’ ಅಂತ ಮಾತ್ರ ಹೇಳುತ್ತದೆ, ಬಳಸುವವರು ರೇಗುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಈ ಬೈಗುಳ ನಾನೂ ತಿಂದಿದ್ದೇನೆ, ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ.

ಅಲ್ಲಿ ಲೆಕ್ಕ ಬರೆಯುವವರು ಬಿಲ್ಲಿನ ಸೂತ್ರ ತಾವೇ ಬರೆದುಕೊಳ್ಳಲಿ ಅಂತ ಚಿಕ್ಕ ಭಾಷೆಯೊಂದನ್ನು ಮಾಡಿಕೊಟ್ಟಿದ್ದೆ. ಟೈಪ್ ಅಂದರೆ ಒಂದು ಬೆಲೆ ಯಾವ ಬಗೆಯದು ಅನ್ನುವ ಗುರುತು; ಅಲ್ಲಿ ಕಿಲೋ ಒಂದು ಟೈಪ್, ಕ್ವಿಂಟಲ್ ಇನ್ನೊಂದು. ಚೀಲ ತೂಗೋದು ಕಿಲೋದಲ್ಲಿ, ಅಡಿಕೆ ಚಾಲಿ ಬಗೆಯದಿರಲಿ ರಾಶಿ ಬಗೆಯದಿರಲಿ ದರ ಕ್ವಿಂಟಲ್ಲಿಗೆ. ಸುಮ್ನೆ ಗುಣಿಸಿದರೆ ಬಿಲ್ಲು ನೂರು ಪಟ್ಟು! ಕಂಪೈಲರ್ ತಡೆಯಿತು, ನಿಜ. ಆದರೆ ತೋರಿಸಿದ್ದು ಗುಣಾಕಾರವಿದ್ದ 41ನೇ ಸಾಲು. ಪಾಪ, ಅದನ್ನೇ ಅರ್ಧ ದಿನ ತಿದ್ದಿದರು. ತೂಕವನ್ನು ಕ್ವಿಂಟಲ್ಲಿಗೆ ಬದಲಿಸದೆ ಬಿಟ್ಟಿದ್ದು 3ನೇ ಸಾಲಿನಲ್ಲಿ. ಸಂಜೆ ಫೋನ್ ಬಂತು: “ತಮಾ, ನಿನ್ನ ಮಷಿನ್ನು ಬೈತು, ಎಂತಕ್ಕೆ ಹೇಳಿ ಹೇಳ್ತಿಲ್ಲೆ.”

ಟೈಪ್ ತಪ್ಪು ಅಂದರೆ ಎರಡು ಜಾಗಗಳ ಜಗಳ. ಒಬ್ಬನನ್ನೇ ಕರೆದು ಕೇಳಿದರೆ ಪಂಚಾಯ್ತಿಕೆ ಆಗುತ್ತಾ? ಟೈಪನ್ನು ತಾನೇ ಊಹಿಸುವ ಭಾಷೆಗಳಲ್ಲಿ ಈ ಗೋಳು ಇನ್ನೂ ಜಾಸ್ತಿ. ಚೆಕರ್, ಅಂದರೆ ಕಂಪೈಲರ್‌ನಲ್ಲಿ ಟೈಪ್ ಪರೀಕ್ಷಿಸುವ ಭಾಗ, ಒಂದೊಂದೇ ಹೊಂದಿಸುತ್ತಾ ಹೋಗಿ, ಎಲ್ಲಿ ಸಿಕ್ಕಿಬೀಳುತ್ತದೋ ಅಲ್ಲಿ ಕೂಗುತ್ತದೆ. ತಪ್ಪು ಹುಟ್ಟಿದ್ದು ಎಷ್ಟೋ ಸಾಲು ಹಿಂದೆ.

ಹಾಗಾಗಿ ಪ್ರತಿ ಟೈಪಿನ ಜೊತೆ ಅದು ಎಲ್ಲಿಂದ, ಯಾವ ಕಾರಣಕ್ಕೆ ಬಂತು ಅಂತಲೂ ಇಟ್ಟುಕೊಂಡೆ. ಎರಡು ಟೈಪ್ ಹೊಂದಿಸುವ ಫಂಕ್ಷನ್‌ಗೆ ಈ ಕಾರಣವೂ ಹೋಗಬೇಕು. ಇದನ್ನು ಶುರುವಿನಲ್ಲೇ ಮಾಡಿ. ನಾನು ಆಮೇಲೆ ಸೇರಿಸಲು ಹೋಗಿ ಇಡೀ ಚೆಕರ್ ಬಿಚ್ಚಬೇಕಾಯಿತು. ಈಗ ಹೀಗೆ ಬರುತ್ತದೆ:

‘ಸಾಲು 41: ಈ ದರ ಕ್ವಿಂಟಲ್ಲಿನದು, ಆದರೆ “ತೂಕ” ಕಿಲೋದಲ್ಲಿದೆ. “ತೂಕ” ಕಿಲೋ ಆಗಿದ್ದು ಸಾಲು 3ರಲ್ಲಿ.’

ರಸ್ಟ್ ಭಾಷೆ ಬಳಸಿದ್ದರೆ, ಟೈಪ್ ಹೊಂದದಾಗ ಬರುವ E0308 ಅನ್ನುವ ಎರರ್ ನೋಡಿರುತ್ತೀರಿ. ಅಲ್ಲೂ ಎಷ್ಟೋ ಸಲ ತಪ್ಪಿದ ಜಾಗದ ಜೊತೆಗೆ, ಆ ಟೈಪ್ ಬೇಕು ಅಂತ ಆಗಿದ್ದು ಎಲ್ಲಿ ಅನ್ನುವುದಕ್ಕೂ ಗುರುತು ಇರುತ್ತದೆ. 2016ರಲ್ಲಿ ರಸ್ಟ್ ತನ್ನ ಎರರ್‌ಗಳ ರೂಪ ಬದಲಿಸಿದಾಗ ಎಲ್ಮ್ ಭಾಷೆಯಿಂದ ಕಲಿತಿತ್ತು. ಒಂದು ಸಂಜೆ ಎಲ್ಮ್‌ನಲ್ಲಿ ಬೇಕಂತಲೇ ತಪ್ಪು ಮಾಡಿ ನೋಡಿ, ನಮ್ಮ ಬರಹ ಎಷ್ಟು ಒರಟು ಅಂತ ಗೊತ್ತಾಗುತ್ತದೆ.

ಒಂದು ತಪ್ಪಿಗೆ ಮೂವತ್ತು ಎರರ್ ಉದುರುತ್ತಿದ್ದರೆ, ತಪ್ಪು ಸಿಕ್ಕ ಭಾಗಕ್ಕೆ ‘ಕೆಟ್ಟಿದ್ದು’ ಅಂತ ಒಂದು ಟೈಪ್ ಇಡಿ. ಅದು ಯಾವುದರ ಜೊತೆಗೂ ಗಲಾಟೆ ಮಾಡದೆ ಹೊಂದಿಕೊಳ್ಳಲಿ. ಒಮ್ಮೆ ಬೈದದ್ದಕ್ಕೆ ಮತ್ತೆ ಬೈಯೋದು ಬೇಡ.

ಇನ್ನು ‘ಹೀಗೆ ಬದಲಿಸಿ’ ಅನ್ನುವ ಸಲಹೆ. ಅದರ ಬಗ್ಗೆ ನನಗೆ ಭಯವಿದೆ. ಒಂದು ಕಡೆ ‘ಬರೀ ಸಂಖ್ಯೆಯಾಗಿ ಬದಲಿಸಿ’ ಅಂತ ಸೂಚಿಸಿದ್ದೆ. ಅವರು ನಂಬಿ ಹಾಗೇ ಮಾಡಿದರು. ಎರರ್ ಹೋಯಿತು, ಕಿಲೋ–ಕ್ವಿಂಟಲ್ ಭೇದವೂ ಹೋಯಿತು. ಬಿಲ್ಲು ನೂರು ಪಟ್ಟು ಬಂದೇ ಬಂತು. ಆ ಸಲಹೆಯನ್ನು ಅವತ್ತೇ ಅಳಿಸಿ ಹಾಕಿದೆ.