ಶಿವಮೊಗ್ಗದಲ್ಲಿ ವಿಮಾನದವರೆಗೆ ನಡೆದೇ ಹೋಗಿ ಹತ್ತಬೇಕೇಕೆ?

ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹಾರುವ ಎಟಿಆರ್-72 ವಿಮಾನಕ್ಕೆ ಏರೋಬ್ರಿಡ್ಜ್, ಅಂದರೆ ಟರ್ಮಿನಲ್‌ನಿಂದ ವಿಮಾನದ ಬಾಗಿಲಿಗೆ ಚಾಚುವ ಮುಚ್ಚಿದ ಸೇತುವೆ, ಸಾಮಾನ್ಯವಾಗಿ ಹೊಂದುವುದಿಲ್ಲ. ಈ ವಿಮಾನದಲ್ಲಿ ರೆಕ್ಕೆ ಒಡಲಿನ ಮೇಲ್ಭಾಗದಲ್ಲಿದ್ದು, ಎಂಜಿನ್‌ಗಳೂ ಪಂಖಗಳೂ ಅದಕ್ಕೇ ಜೋಡಣೆಯಾಗಿರುವುದರಿಂದ, ಒಡಲು ನೆಲಕ್ಕೆ ಬಹಳ ಹತ್ತಿರವಿರುತ್ತದೆ. ದೊಡ್ಡ ಜೆಟ್‌ಗಳ ಎತ್ತರದ ಬಾಗಿಲಿಗೆಂದು ರೂಪಿಸಿದ ಸೇತುವೆ ಅಷ್ಟು ಕೆಳಗಿಳಿಯಲಾರದು. ಪ್ರಯಾಣಿಕರ ಬಾಗಿಲು ಹಿಂಬದಿಯಲ್ಲಿದೆ, ಕೆಳಕ್ಕೆ ತೆರೆದಾಗ ಅದರ ಒಳಮೈಯೇ ಮೆಟ್ಟಿಲಾಗುತ್ತದೆ. ಮುಂಬಾಗಿಲು ಸರಕಿನದು.

ರನ್‌ವೇ ಚಿಕ್ಕದಾದ್ದರಿಂದಲೇ ಇಂಥ ಸಣ್ಣ ವಿಮಾನ ಬರುತ್ತದೆಂಬ ಊಹೆ ಸರಿಯಲ್ಲ, ಅದು 3,200 ಮೀಟರ್ ಉದ್ದವಿದೆ. ಮಲೆನಾಡಿನ ಆಷಾಢದ ಮಳೆಯಲ್ಲಿ ಈ ನಡಿಗೆ ಹಿತವೆನಿಸದು, ನಿಜ. ಮೆಟ್ಟಿಲು ಹತ್ತಲಾಗದ ಹಿರಿಯರಿದ್ದರೆ ಟಿಕೆಟ್ ಕಾಯ್ದಿರಿಸುವಾಗಲೇ ಗಾಲಿಕುರ್ಚಿಯ ನೆರವನ್ನು ಕೋರುವುದು ಒಳ್ಳೆಯದು.